ಸಂಸ್ಥೆಯ ಒಳರಚನೆ ಬದಲಿಸುವುದು ಹೇಗೆ? ಹಂತ ಹಂತವಾಗಿ ಒಂದು ಸಮಗ್ರ ಮಾರ್ಗದರ್ಶಿ

ಒಂದು ಸೋಮವಾರ ಬೆಳಿಗ್ಗೆ ಎಲ್ಲರಿಗೂ ಒಂದು ಮೇಲ್ ಬರುತ್ತದೆ. ಜೊತೆಗೆ ಒಂದು ಚಿತ್ರ: ಪೆಟ್ಟಿಗೆಗಳು, ಗೆರೆಗಳು, ಹೆಸರುಗಳು. ಜನ ಮೊದಲು ತಮ್ಮ ಹೆಸರು ಹುಡುಕುತ್ತಾರೆ. ಆಮೇಲೆ ತಮ್ಮ ಮೇಲಿನ ಪೆಟ್ಟಿಗೆಯಲ್ಲಿ ಯಾರ ಹೆಸರಿದೆ ಎಂದು ನೋಡುತ್ತಾರೆ. ಮಧ್ಯಾಹ್ನದವರೆಗೆ ಯಾರಿಗೂ ಕೆಲಸದ ಮೇಲೆ ಗಮನ ಇರುವುದಿಲ್ಲ. ಆರು ತಿಂಗಳು ಕಳೆದ ಮೇಲೆ ಹೋಗಿ ನೋಡಿ, ಕೆಲಸ ಹಳೆ ದಾರಿಯಲ್ಲೇ ಓಡುತ್ತಿರುತ್ತದೆ. ಬದಲಾದದ್ದು ಬಾಗಿಲ ಮೇಲಿನ ಹೆಸರಿನ ಫಲಕ ಮಾತ್ರ.

ಇಂಥ ಬದಲಾವಣೆಗಳನ್ನು ನಾನು ಮೊದಲು ನೌಕರಳಾಗಿ ಅನುಭವಿಸಿದೆ, ಆಮೇಲೆ ಮೇಜಿನ ಆ ಕಡೆ ಕೂತು ಮಾಡಿದೆ. ಎರಡೂ ಕಡೆಯಿಂದ ನೋಡಿದ ಮೇಲೆ ನನಗೆ ಗಟ್ಟಿಯಾದ ಒಂದು ಮಾತಿದೆ. ಒಂದು ಕೆಲಸ ಯಾರ ಕೈಯಿಂದ ಯಾರ ಕೈಗೆ ಹೋಗುತ್ತದೆ, ಮಧ್ಯೆ ಯಾರು ತೀರ್ಮಾನ ಮಾಡುತ್ತಾರೆ, ಇವೆರಡೇ ಸಂಸ್ಥೆಯ ನಿಜವಾದ ರಚನೆ. ಇವು ಬದಲಾಗಲಿಲ್ಲವೆಂದರೆ ಚಾರ್ಟ್ ಎಷ್ಟು ಚೆನ್ನಾಗಿ ಬರೆದರೂ ಏನೂ ಬದಲಾಗಿಲ್ಲ. ಕೆಳಗಿನ ಹಂತಗಳೆಲ್ಲ ಈ ಎರಡನ್ನು ಬದಲಿಸುವುದಕ್ಕಾಗಿಯೇ ಇವೆ. ಇಪ್ಪತ್ತು ಜನರ ಸಂಸ್ಥೆಯಾದರೂ ಎರಡು ಸಾವಿರ ಜನರದ್ದಾದರೂ ಕ್ರಮ ಇದೇ. ಹಿಡಿಯುವ ಸಮಯ ಬೇರೆ, ಅಷ್ಟೆ.

ಹಂತ 1: ನೋವು ಎಲ್ಲಿದೆ ಎಂದು ಒಂದೇ ವಾಕ್ಯದಲ್ಲಿ ಬರೆಯಿರಿ

ಈ ವಾಕ್ಯದಲ್ಲಿ ‘ರಚನೆ’, ‘ವಿಭಾಗ’, ‘ಹೊಂದಾಣಿಕೆ’ ಅನ್ನುವ ಪದಗಳು ಬರಬಾರದು. “ಟೀಮ್‌ಗಳ ನಡುವೆ ಹೊಂದಾಣಿಕೆ ಇಲ್ಲ” ಎಂದು ಬರೆದರೆ ಯಾರಿಗೂ ಏನೂ ತಿಳಿಯುವುದಿಲ್ಲ. “ಗ್ರಾಹಕರು ವಾಪಸ್ ಕಳಿಸಿದ ವಸ್ತುವಿನ ಹಣ ಅವರ ಕೈ ಸೇರಲು 19 ದಿನ ಹಿಡಿಯುತ್ತಿದೆ” ಎಂದು ಬರೆದರೆ ಎಲ್ಲರಿಗೂ ತಿಳಿಯುತ್ತದೆ. ಎಣಿಸಬಹುದಾದದ್ದನ್ನು ಬರೆಯಿರಿ. ನಾಳೆ ಗೆದ್ದೆವೋ ಇಲ್ಲವೋ ಎಂದು ಇದೇ ವಾಕ್ಯ ಹೇಳಬೇಕು.

ಬರೆದ ಮೇಲೆ ಒಂದು ಪರೀಕ್ಷೆ ಇದೆ. ಆ ಜಾಗದಲ್ಲಿ ಬೇರೆ ಒಳ್ಳೆ ಕೆಲಸಗಾರರನ್ನು ಕೂರಿಸಿದರೂ ಇದೇ ತೊಂದರೆ ಬರುತ್ತದೆಯೇ? ಬರುತ್ತದೆ ಎಂದಾದರೆ ತೊಂದರೆ ರಚನೆಯದ್ದು. ಬರುವುದಿಲ್ಲ ಎಂದಾದರೆ ಅದು ಒಬ್ಬ ವ್ಯಕ್ತಿಯ ವಿಷಯ. ಅವರ ಜೊತೆ ಕೂತು ನೇರವಾಗಿ ಮಾತಾಡಬೇಕು. ಆ ಕಷ್ಟದ ಮಾತನ್ನು ತಪ್ಪಿಸಿಕೊಳ್ಳಲು ಇಡೀ ವಿಭಾಗವನ್ನು ಒಡೆದು ಜೋಡಿಸುವವರು ಬಹಳ ಜನ. ಅದು ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗೆ. ಸಂಬಳ ಕಡಿಮೆ, ಸಾಫ್ಟ್‌ವೇರ್ ಹಳೆಯದು, ಜನ ಸಾಲದು, ಇವು ಯಾವುದನ್ನೂ ಹೊಸ ಚಾರ್ಟ್ ಸರಿಮಾಡುವುದಿಲ್ಲ.

ಹಂತ 2: ಒಂದು ಕೆಲಸದ ಹಿಂದೆ ಕಾಲ್ನಡಿಗೆಯಲ್ಲಿ ಹೋಗಿ

ನನಗೆ ಎಲ್ಲಕ್ಕಿಂತ ಮುಖ್ಯವಾದ ಹಂತ ಇದು. ಮೀಟಿಂಗ್ ಕರೆದು “ನಮ್ಮಲ್ಲಿ ಕೆಲಸ ಹೇಗೆ ನಡೆಯುತ್ತದೆ” ಎಂದು ಕೇಳಿದರೆ, ಹೇಗೆ ನಡೆಯಬೇಕು ಅನ್ನುವುದನ್ನು ಹೇಳುತ್ತಾರೆ. ಹೇಗೆ ನಡೆಯುತ್ತಿದೆ ಅನ್ನುವುದು ಆ ಕೆಲಸದ ಜೊತೆ ಹೋದರೆ ಮಾತ್ರ ಕಾಣುತ್ತದೆ.

ಮೇಲೆ ಹೇಳಿದ 19 ದಿನ ನಾನು ಹಿಂದೆ ಇದ್ದ ಒಂದು ಸಂಸ್ಥೆಯದ್ದು. ಒಂದು ವಾಪಸ್ ಪೆಟ್ಟಿಗೆಯನ್ನು ಆರಿಸಿಕೊಂಡು, ಅದು ಹೋದಲ್ಲೆಲ್ಲ ನಾನೂ ಹೋದೆ. ಗ್ರಾಹಕರು ಕಳಿಸಿದ ನಾಲ್ಕನೇ ದಿನ ಅದು ಗೋದಾಮಿಗೆ ಬಂತು. ಅಲ್ಲಿ ಬಿಚ್ಚಿ ನೋಡಲು ಹಿಡಿದದ್ದು ಹತ್ತೇ ನಿಮಿಷ. ವಿವರವನ್ನು ಒಂದು ಶೀಟಿಗೆ ಹಾಕಿದರು. ಲೆಕ್ಕಪತ್ರ ವಿಭಾಗದವರು ಆ ಶೀಟು ತೆರೆಯುವುದು ಮಂಗಳವಾರ ಮತ್ತು ಶುಕ್ರವಾರ ಮಾತ್ರ. ತೆರೆದ ಮೇಲೆ ಅದು ಮಾರಾಟ ವಿಭಾಗದ ಮುಖ್ಯಸ್ಥರ ಒಪ್ಪಿಗೆಗೆ ಹೋಯಿತು. ಯಾಕೆ ಅಂದರೆ, ಹಲವು ವರ್ಷ ಹಿಂದೆ ಒಮ್ಮೆ ಸುಳ್ಳು ವಾಪಸಾತಿಯಲ್ಲಿ ಮೋಸವಾಗಿತ್ತು, ಆಗ ಈ ನಿಯಮ ಬಂದಿತ್ತು. ಮುಖ್ಯಸ್ಥರು ಪ್ರವಾಸದಲ್ಲಿದ್ದರು. ಬಂದ ಮೇಲೆ ನೋಡದೆಯೇ ಒಪ್ಪಿದರು. ಅಷ್ಟು ದೂರದಿಂದ ಅವರಿಗೆ ನೋಡಲು ಏನೂ ಇರಲಿಲ್ಲ. ಆಮೇಲೆ ಮತ್ತೆ ಲೆಕ್ಕಪತ್ರ, ಅಲ್ಲಿಂದ ವಾರಕ್ಕೊಮ್ಮೆ ನಡೆಯುವ ಪಾವತಿ. ಒಟ್ಟು 19 ದಿನದಲ್ಲಿ ಮನುಷ್ಯರ ಕೈ ತಾಗಿದ ಸಮಯ ಸುಮಾರು 40 ನಿಮಿಷ. ಮಿಕ್ಕಿದ್ದೆಲ್ಲ ಕಾಯುವುದು.

ಗೋದಾಮಿನಲ್ಲಿ ಹಿರಿಯ ಕ್ಲರ್ಕ್ ಒಬ್ಬರಿದ್ದರು. ಎಲ್ಲರೂ ಅವರನ್ನು ಅಕ್ಕ ಎಂದೇ ಕರೆಯುತ್ತಿದ್ದರು. ಅವರ ಡ್ರಾಯರ್‌ನಲ್ಲಿ ನೀಲಿ ರಟ್ಟಿನ ಒಂದು ನೋಟ್‌ಬುಕ್ ಇತ್ತು, ಅಂಚೆಲ್ಲ ಮಡಚಿ ಹೋಗಿತ್ತು. ಯಾವ ಪೆಟ್ಟಿಗೆ ಎಲ್ಲಿ ಸಿಕ್ಕಿಕೊಂಡಿದೆ, ಅದಕ್ಕೆ ಯಾರಿಗೆ ಫೋನ್ ಮಾಡಬೇಕು, ಎಷ್ಟು ಗಂಟೆಗೆ ಮಾಡಿದರೆ ಅವರು ಎತ್ತುತ್ತಾರೆ, ಎಲ್ಲ ಅದರಲ್ಲಿತ್ತು. “ಶೀಟು ಮೇಲಿನವರಿಗೆ, ಇದು ನಮಗೆ” ಎಂದರು ಅವರು. ಯಾವ ಚಾರ್ಟ್‌ನಲ್ಲೂ ಇಲ್ಲದ ಸಂಸ್ಥೆ ಆ ನೋಟ್‌ಬುಕ್ಕಿನಲ್ಲಿತ್ತು.

ನೀವು ಮಾಡಬೇಕಾದದ್ದು ಹೀಗೆ. ಪದೇ ಪದೇ ಬರುವ ಮೂರು ಕೆಲಸ ಆರಿಸಿಕೊಳ್ಳಿ. ಪ್ರತಿಯೊಂದರ ಹಿಂದೆಯೂ ಹೋಗಿ, ಪ್ರತಿ ನಿಲ್ದಾಣದಲ್ಲಿ ಮೂರು ವಿಷಯ ಗುರುತು ಹಾಕಿಕೊಳ್ಳಿ: ಕೆಲಸಕ್ಕೆ ಹಿಡಿದ ಸಮಯ, ಕಾದ ಸಮಯ, ಅಲ್ಲಿ ತೀರ್ಮಾನ ಮಾಡಿದವರು ಯಾರು. ಜೊತೆಗೆ ನಿಮ್ಮಲ್ಲೂ ಇಂಥ ನೋಟ್‌ಬುಕ್ ಯಾರ ಡ್ರಾಯರ್‌ನಲ್ಲಿದೆ ಎಂದು ಹುಡುಕಿ. ಈಗ ಅದು ವಾಟ್ಸಾಪ್ ಗುಂಪಿನ ರೂಪದಲ್ಲೂ ಇರಬಹುದು.

ಹಂತ 3: ಯಾವ ಆಕಾರ ಬೇಕು ಎಂದು ತೀರ್ಮಾನಿಸಿ

ಮೂಲವಾಗಿ ಇರುವ ಆಕಾರಗಳು ನಾಲ್ಕೇ. ಕೆಲಸದ ಬಗೆಯ ಮೇಲೆ ವಿಂಗಡಣೆ, ಅಂದರೆ ತಯಾರಿಕೆ, ಮಾರಾಟ, ಲೆಕ್ಕಪತ್ರ ಬೇರೆ ಬೇರೆ. ಉತ್ಪನ್ನ ಅಥವಾ ಗ್ರಾಹಕರ ಮೇಲೆ ವಿಂಗಡಣೆ, ಅಂದರೆ ಒಂದೊಂದು ಉತ್ಪನ್ನಕ್ಕೂ ತನ್ನದೇ ತಯಾರಿಕೆ, ತನ್ನದೇ ಮಾರಾಟ. ಪ್ರದೇಶದ ಮೇಲೆ ವಿಂಗಡಣೆ. ಕೊನೆಯದಾಗಿ, ಎರಡನ್ನು ಒಂದರ ಮೇಲೊಂದು ಇಟ್ಟ ಮ್ಯಾಟ್ರಿಕ್ಸ್. ಅಲ್ಲಿ ಒಬ್ಬರಿಗೆ ಇಬ್ಬರು ಮೇಲಧಿಕಾರಿಗಳು.

ಯಾವುದು ಒಳ್ಳೆಯದು ಎಂದು ಕೇಳಿದರೆ ಉತ್ತರ ಇಲ್ಲ. ನಿಮ್ಮ ನೋವು ಯಾವುದು ಎಂಬುದರ ಮೇಲೆ ಅದು ನಿಂತಿದೆ. ಎರಡು ದೊಡ್ಡ ಸಂಸ್ಥೆಗಳು ಇದೇ ದಾರಿಯಲ್ಲಿ ಎದುರುಬದುರು ನಡೆದಿವೆ.

ಅಮೆರಿಕದ ಡುಪಾಂಟ್ ಮೊದಲು ಮುಖ್ಯವಾಗಿ ಸಿಡಿಮದ್ದಿನ ಸಂಸ್ಥೆ. ಒಂದನೇ ಮಹಾಯುದ್ಧ ಮುಗಿಯುವ ಹೊತ್ತಿಗೆ ಬಣ್ಣ, ವಾರ್ನಿಷ್, ರಾಸಾಯನಿಕಗಳತ್ತ ಹೊರಳಿತ್ತು. ಆದರೆ ಒಳಗೆ ಹಳೆ ರಚನೆಯೇ: ಒಂದೇ ತಯಾರಿಕೆ ವಿಭಾಗ, ಒಂದೇ ಮಾರಾಟ ವಿಭಾಗ. ಸಿಡಿಮದ್ದು ಟನ್‌ಗಟ್ಟಲೆ ಕೆಲವೇ ದೊಡ್ಡ ಗಿರಾಕಿಗಳಿಗೆ ಹೋಗುವ ಸರಕು. ಬಣ್ಣ ಸಣ್ಣ ಡಬ್ಬಿಗಳಲ್ಲಿ ಸಾವಿರಾರು ಮನೆಗಳಿಗೆ ಹೋಗುವ ಸರಕು. ಎರಡನ್ನೂ ಅದೇ ಜನ, ಅದೇ ರೀತಿಯಲ್ಲಿ ನಡೆಸಲು ಹೋಗಿ, ಬಣ್ಣದ ವ್ಯಾಪಾರ ಹೆಚ್ಚಿದಷ್ಟೂ ನಷ್ಟ ಹೆಚ್ಚಿತು. 1921ರಲ್ಲಿ ಅವರು ಉತ್ಪನ್ನಕ್ಕೊಂದು ವಿಭಾಗ ಮಾಡಿ, ಲಾಭನಷ್ಟದ ಹೊಣೆಯನ್ನು ಆಯಾ ಮುಖ್ಯಸ್ಥರಿಗೆ ಕೊಟ್ಟರು. ಆಮೇಲೆ ಬಹಳಷ್ಟು ದೊಡ್ಡ ಸಂಸ್ಥೆಗಳು ಇದೇ ಮಾದರಿ ಹಿಡಿದವು.

ಆಪಲ್ ಮಾಡಿದ್ದು ಇದರ ಉಲ್ಟಾ. 1997ರಲ್ಲಿ ಸ್ಟೀವ್ ಜಾಬ್ಸ್ ವಾಪಸ್ ಬಂದಾಗ ಅಲ್ಲಿ ಉತ್ಪನ್ನಕ್ಕೊಬ್ಬ ಜನರಲ್ ಮ್ಯಾನೇಜರ್ ಇದ್ದರು, ಅವರವರಲ್ಲೇ ಜಗಳ. ಜಾಬ್ಸ್ ಆ ಹುದ್ದೆಗಳನ್ನೆಲ್ಲ ತೆಗೆದು, ಇಡೀ ಸಂಸ್ಥೆಗೆ ಒಂದೇ ಲಾಭನಷ್ಟದ ಲೆಕ್ಕ ಇಟ್ಟು, ವಿನ್ಯಾಸ, ಹಾರ್ಡ್‌ವೇರ್, ಮಾರ್ಕೆಟಿಂಗ್ ಎಂದು ಕೆಲಸದ ಬಗೆಯ ಮೇಲೆ ಜೋಡಿಸಿದರು. ಡುಪಾಂಟ್‌ಗೆ ಒಂದಕ್ಕೊಂದು ಸಂಬಂಧವಿಲ್ಲದ ಸರಕುಗಳು ಜಾಸ್ತಿಯಾಗಿದ್ದವು, ಬೇರೆ ಮಾಡಬೇಕಿತ್ತು. ಆಪಲ್‌ಗೆ ಕೆಲವೇ ಸರಕುಗಳಲ್ಲಿ ಒಬ್ಬರ ಜಾಣ್ಮೆ ಇನ್ನೊಬ್ಬರಿಗೆ ಸೇರಬೇಕಿತ್ತು, ಕೂಡಿಸಬೇಕಿತ್ತು.

ಹಾಗಾಗಿ ಹೀಗೆ ಕೇಳಿಕೊಳ್ಳಿ: ನಮ್ಮಲ್ಲಿ ದಿನಕ್ಕೆ ಹತ್ತು ಸಲ ಮಾತಾಡಲೇಬೇಕಾದವರು ಯಾರು ಯಾರು? ಅವರನ್ನು ಒಂದೇ ಮುಖ್ಯಸ್ಥರ ಕೆಳಗೆ ತನ್ನಿ. ವಾರಕ್ಕೊಮ್ಮೆ ಮಾತಾಡಿದರೆ ಸಾಕಾದವರ ನಡುವೆ ವಿಭಾಗದ ಗೋಡೆ ಇದ್ದರೂ ನಡೆಯುತ್ತದೆ. ಎಲ್ಲೋ ಒಂದು ಕಡೆ ಗೋಡೆ ಬಂದೇ ಬರುತ್ತದೆ. ಎಲ್ಲಿ ಬಂದರೆ ಕಡಿಮೆ ನೋವು ಅನ್ನುವುದಷ್ಟೇ ನಮ್ಮ ಕೈಯಲ್ಲಿದೆ. ಸಾಫ್ಟ್‌ವೇರ್ ಮಾಡುವವರಾದರೆ ಇನ್ನೊಂದು ಕಾರಣವೂ ಇದೆ. ಕಂಪ್ಯೂಟರ್ ವಿಜ್ಞಾನಿ ಮೆಲ್ವಿನ್ ಕಾನ್ವೇ 1968ರಲ್ಲೇ ಹೇಳಿದ ಹಾಗೆ, ಒಂದು ಸಂಸ್ಥೆ ಕಟ್ಟುವ ವ್ಯವಸ್ಥೆ ಅಲ್ಲಿನ ಜನರ ಮಾತುಕತೆಯ ನಕಲಿನಂತೆಯೇ ಇರುತ್ತದೆ. ಮಾತಾಡದ ಎರಡು ಟೀಮ್‌ಗಳು ಮಾಡಿದ ಎರಡು ಭಾಗಗಳೂ ಸರಿಯಾಗಿ ಕೂಡುವುದಿಲ್ಲ.

ಮ್ಯಾಟ್ರಿಕ್ಸ್ ಬಗ್ಗೆ ಒಂದು ಎಚ್ಚರಿಕೆ. ಕಾಗದದ ಮೇಲೆ ಅದು ಬಹಳ ಚೆನ್ನಾಗಿ ಕಾಣುತ್ತದೆ, ಎರಡೂ ಕಡೆಯ ಲಾಭ ಸಿಗುವ ಹಾಗೆ. 1988ರಲ್ಲಿ ಸ್ವೀಡನ್ನಿನ ಒಂದು, ಸ್ವಿಟ್ಜರ್ಲೆಂಡಿನ ಒಂದು ವಿದ್ಯುತ್ ಉಪಕರಣ ಸಂಸ್ಥೆ ಕೂಡಿ ಎಬಿಬಿ ಆದಾಗ ಅದರ ಮ್ಯಾಟ್ರಿಕ್ಸ್‌ಗೆ ದೊಡ್ಡ ಹೆಸರಿತ್ತು. ಪ್ರತಿ ಘಟಕಕ್ಕೂ ದೇಶದ ಮುಖ್ಯಸ್ಥರೊಬ್ಬರು, ವ್ಯವಹಾರದ ಮುಖ್ಯಸ್ಥರೊಬ್ಬರು. ಹತ್ತು ವರ್ಷದಲ್ಲಿ, 1998ರಲ್ಲಿ, ಅವರೇ ಅದನ್ನು ಸಡಿಲಿಸಿದರು. ಇಬ್ಬರು ಮೇಲಧಿಕಾರಿಗಳು ಒಪ್ಪದಿದ್ದಾಗ ನಡುವಿನ ನೌಕರರ ಪಾಡು ಏನಾಗುತ್ತದೆ ಗೊತ್ತಲ್ವಾ? ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಗುತ್ತದೆ. ಮ್ಯಾಟ್ರಿಕ್ಸ್ ಬೇಕೇ ಬೇಕೆಂದರೆ ಭಿನ್ನಾಭಿಪ್ರಾಯ ಬಂದಾಗ ಯಾರ ಮಾತು ನಡೆಯುತ್ತದೆ ಎಂದು ಮೊದಲೇ ಬರೆದಿಡಿ. ಬರೆಯಲು ಧೈರ್ಯವಿಲ್ಲದಿದ್ದರೆ ಮ್ಯಾಟ್ರಿಕ್ಸ್ ಬೇಡ.

ಹಂತ 4: ತೀರ್ಮಾನಗಳ ಪಟ್ಟಿ ಮಾಡಿ

ಪೆಟ್ಟಿಗೆ ಬರೆಯಲು ಇನ್ನೂ ಹೊತ್ತಿದೆ. ಮೊದಲು ನಿಮ್ಮಲ್ಲಿ ಪದೇ ಪದೇ ಬರುವ ಇಪ್ಪತ್ತು ಮೂವತ್ತು ತೀರ್ಮಾನಗಳನ್ನು ಪಟ್ಟಿ ಮಾಡಿ. ಬೆಲೆ ಇಳಿಸುವುದು, ಹೊಸಬರನ್ನು ಸೇರಿಸಿಕೊಳ್ಳುವುದು, ಗ್ರಾಹಕರಿಗೆ ಹಣ ವಾಪಸ್ ಕೊಡುವುದು, ಕೆಲಸದ ಗಡುವು ಮುಂದೂಡುವುದು, ಸರಬರಾಜುದಾರರನ್ನು ಬದಲಿಸುವುದು. ಒಂದೊಂದರ ಮುಂದೆಯೂ ಒಂದೇ ಹುದ್ದೆ ಬರೆಯಿರಿ. ‘ಇಬ್ಬರೂ ಸೇರಿ’ ಎಂದು ಬರೆಯಬೇಡಿ. ಯಾರ ಸಲಹೆ ಕೇಳಬೇಕು, ಆಮೇಲೆ ಯಾರಿಗೆ ತಿಳಿಸಬೇಕು ಅನ್ನುವುದಕ್ಕೆ ಪಕ್ಕದಲ್ಲಿ ಬೇರೆ ಕಾಲಂ ಇರಲಿ. ಸಲಹೆ ಕೊಡುವುದೇ ಬೇರೆ, ತಡೆಯುವ ಹಕ್ಕೇ ಬೇರೆ. ಇವೆರಡು ಬೆರೆತಲ್ಲಿಯೇ ಫೈಲು ನಿಲ್ಲುತ್ತದೆ.

ತೀರ್ಮಾನ ಯಾರ ಕೈಗೆ ಕೊಡಬೇಕು? ವಿಷಯ ಯಾರ ಕಣ್ಣೆದುರಿಗಿದೆಯೋ ಅವರಿಗೆ. ಇದು ಹಳೆಯ ಪಾಠ. 1855ರಲ್ಲಿ ನ್ಯೂಯಾರ್ಕ್ ಮತ್ತು ಈರಿ ರೈಲ್ವೆಯ ಡೇನಿಯಲ್ ಮೆಕಾಲಂ ಬರೆಸಿದ ನಕ್ಷೆಯನ್ನು ಮೊದಲ ಆಧುನಿಕ ಸಂಸ್ಥಾ ಚಾರ್ಟ್ ಎಂದು ಹೇಳುತ್ತಾರೆ. ಅದು ಗಿಡದ ಹಾಗಿದೆ. ನಿರ್ದೇಶಕ ಮಂಡಳಿ ಬುಡದಲ್ಲಿ, ರೈಲು ಮಾರ್ಗಗಳು ಕೊಂಬೆಗಳಲ್ಲಿ. 50 ಮೈಲಿಯ ಮಾರ್ಗವನ್ನು ಒಬ್ಬರು ಸ್ವತಃ ನೋಡಿಕೊಳ್ಳಬಹುದು, 500 ಮೈಲಿಯದ್ದನ್ನು ಆಗುವುದಿಲ್ಲ ಅನ್ನುವುದು ಅವರ ವಾದ. ದಿನನಿತ್ಯದ ಓಡಾಟದ ಅಧಿಕಾರವನ್ನು ಅವರು ಆಯಾ ಭಾಗದ ಮೇಲ್ವಿಚಾರಕರಿಗೆ ಕೊಟ್ಟು, ಮೇಲಕ್ಕೆ ವರದಿ ಮಾತ್ರ ತರಿಸಿಕೊಂಡರು.

ನಮ್ಮ ವಾಪಸಾತಿ ಕೆಲಸದಲ್ಲೂ ಮಾಡಿದ್ದು ಇದನ್ನೇ. ಲೆಕ್ಕಪತ್ರದ ಒಬ್ಬರನ್ನು ಗೋದಾಮಿನ ಪಕ್ಕ ಕೂರಿಸಿದೆವು. ಒಂದು ಮಿತಿಯವರೆಗಿನ ಹಣವನ್ನು ಅಲ್ಲೇ ಒಪ್ಪುವ ಅಧಿಕಾರ ಅವರಿಗೆ ಬಂತು. ಮೋಸದ ಭಯಕ್ಕೆ ತಿಂಗಳಿಗೊಮ್ಮೆ ಕೆಲವು ಪ್ರಕರಣಗಳ ತಪಾಸಣೆ ಇಟ್ಟೆವು. ಮಿತಿಯೊಳಗಿನ ಮೊತ್ತಕ್ಕೆ ಮಾರಾಟ ಮುಖ್ಯಸ್ಥರ ಸಹಿ ಹೋಯಿತು. ಅವರಿಗೂ ಅದರಿಂದ ನೆಮ್ಮದಿಯೇ ಆಯಿತು.

ಹಂತ 5: ಎಷ್ಟು ಮೆಟ್ಟಿಲು, ಒಬ್ಬರ ಕೆಳಗೆ ಎಷ್ಟು ಜನ

ಇದನ್ನು ಬೇಗ ಮುಗಿಸೋಣ. ಒಬ್ಬ ಮುಖ್ಯಸ್ಥರ ಕೆಳಗೆ ಜನ ಹೆಚ್ಚಿದಂತೆ ಸಂಬಂಧಗಳು ಅದಕ್ಕಿಂತ ವೇಗವಾಗಿ ಹೆಚ್ಚುತ್ತವೆ. ಗ್ರೈಕುನಾಸ್ ಎಂಬ ನಿರ್ವಹಣಾ ಸಲಹೆಗಾರರು 1933ರಲ್ಲಿ ಲೆಕ್ಕ ಹಾಕಿದ್ದರು. ಮುಖ್ಯಸ್ಥರಿಗೆ ಒಬ್ಬೊಬ್ಬರ ಜೊತೆ, ಗುಂಪುಗಳ ಜೊತೆ, ಆಮೇಲೆ ಅವರವರ ನಡುವೆ, ಹೀಗೆ ಎಲ್ಲ ಬಗೆಯ ಸಂಬಂಧಗಳು ಸೇರಿ ಐದು ಜನರಿದ್ದರೆ 100, ಆರಾದರೆ 222. ಅಷ್ಟು ಸಂಬಂಧಗಳೂ ಒಂದೇ ದಿನ ಎದ್ದು ನಿಲ್ಲುವುದಿಲ್ಲ ನಿಜ, ಆದರೆ ಹೊರೆ ಯಾವ ಕಡೆ ಏರುತ್ತದೆ ಅನ್ನುವುದು ಅದರಲ್ಲಿ ಕಾಣುತ್ತದೆ. ಒಂದೇ ಬಗೆಯ ಕೆಲಸ ಮಾಡುವ ಹದಿನೈದು ಜನರನ್ನು ಒಬ್ಬರು ನೋಡಿಕೊಳ್ಳಬಹುದು. ಬೇರೆ ಬೇರೆ ಕೆಲಸದ ಎಂಟು ಜನರೇ ಜಾಸ್ತಿ ಆಗಬಹುದು. ಒಬ್ಬರ ಕೆಳಗೆ ಒಬ್ಬರೇ ಇರುವ ಪೆಟ್ಟಿಗೆ ಎಲ್ಲಿ ಕಂಡರೂ ಯಾಕೆ ಎಂದು ಕೇಳಿ. ಸಾಮಾನ್ಯವಾಗಿ ಅದು ಯಾರಿಗೋ ಬಡ್ತಿ ಕೊಡಲು ಹುಟ್ಟಿದ ಮೆಟ್ಟಿಲು.

ಹಂತ 6: ಮೊದಲು ಹುದ್ದೆ, ಆಮೇಲೆ ಹೆಸರು

ಹುದ್ದೆಯ ಹೊಣೆ ಏನು, ಅಧಿಕಾರ ಏನು, ಯಾವ ತೀರ್ಮಾನಗಳು ಅದರದ್ದು, ಇವನ್ನು ಬರೆದ ಮೇಲೆಯೇ ಯಾರು ಅನ್ನುವುದು ಬರಬೇಕು. ಹೆಸರು ಮೊದಲು ಬಂದರೆ ಆ ವ್ಯಕ್ತಿಯ ಅಳತೆಗೆ ಹುದ್ದೆ ಹೊಲಿದ ಹಾಗಾಗುತ್ತದೆ. ಅವರು ಬಿಟ್ಟು ಹೋದ ದಿನ ಆ ಅಂಗಿ ಯಾರಿಗೂ ಹಿಡಿಸುವುದಿಲ್ಲ.

ಅಧಿಕಾರ ಕಳೆದುಕೊಳ್ಳುವವರ ಪಟ್ಟಿಯನ್ನೂ ಮಾಡಿಕೊಳ್ಳಿ. ಸಂಬಳ ಹಾಗೇ ಇದ್ದರೂ, ಕೆಳಗಿದ್ದ ಹತ್ತು ಜನ ಹೋದರೆ ಮನುಷ್ಯರಿಗೆ ನೋವಾಗುತ್ತದೆ. ಅದು ಸಣ್ಣತನವಲ್ಲ, ಹತ್ತು ವರ್ಷ ಕಟ್ಟಿದ್ದು ಅದು. ಅವರ ಜೊತೆ ಮಾತಾಡಲು ಸಮಯ ಇಟ್ಟುಕೊಳ್ಳಿ, ಮುಂದೆ ಅವರಿಗೆ ಏನು ಕೆಲಸ ಎಂದು ಸ್ಪಷ್ಟವಾಗಿ ಹೇಳುವ ಸಿದ್ಧತೆ ಇರಲಿ. ಆನ್‌ಲೈನ್‌ನಲ್ಲಿ ಶೂ ಮಾರುವ ಅಮೆರಿಕದ ಜ್ಯಾಪೋಸ್ ಸಂಸ್ಥೆ ಮ್ಯಾನೇಜರ್ ಹುದ್ದೆಗಳೇ ಇಲ್ಲದ ವ್ಯವಸ್ಥೆಗೆ ಹೋದಾಗ, ಬೇಡವೆನ್ನುವವರು ಪರಿಹಾರ ಪಡೆದು ಹೊರಡಬಹುದು ಎಂದು 2015ರಲ್ಲಿ ಹೇಳಿತು. ಕೆಲವೇ ವಾರಗಳಲ್ಲಿ ಸುಮಾರು ಶೇ 14ರಷ್ಟು ನೌಕರರು ಹೊರಟರು. ದೊಡ್ಡ ಬದಲಾವಣೆಗೆ ಇಂಥ ಬೆಲೆ ಇರುತ್ತದೆ, ಮೊದಲೇ ಲೆಕ್ಕಕ್ಕೆ ಹಿಡಿಯಿರಿ.

ಹಂತ 7: ಹೇಳುವ ಕ್ರಮ

ಬದಲಾವಣೆ ಕೆಡುವುದು ಹೆಚ್ಚಾಗಿ ಇಲ್ಲಿ. ನನ್ನ ಮೊದಲ ಕೆಲಸದಲ್ಲಿ ನನ್ನ ಮ್ಯಾನೇಜರ್ ಬದಲಾದದ್ದು ನನಗೆ ಗೊತ್ತಾದದ್ದು ರಜೆ ಅರ್ಜಿಯಿಂದ. ಅರ್ಜಿ ಹಾಕಿದೆ, ಒಪ್ಪಬೇಕಾದವರ ಜಾಗದಲ್ಲಿ ಪರಿಚಯವೇ ಇಲ್ಲದ ಹೆಸರು. ಹಳೆ ಮ್ಯಾನೇಜರ್ ಹತ್ತಿರ ಓಡಿದರೆ ಅವರಿಗೂ ಗೊತ್ತಿರಲಿಲ್ಲ. ಅವರ ಮುಖದಲ್ಲಿದ್ದ ಅವಮಾನ ನನಗೆ ಇವತ್ತಿಗೂ ಮರೆತಿಲ್ಲ.

ಆದ್ದರಿಂದ ಕ್ರಮ ಹೀಗಿರಲಿ. ಹುದ್ದೆ ಕಳೆದುಕೊಳ್ಳುವವರಿಗೆ ಮೊದಲು, ಎದುರು ಕೂತು, ಒಬ್ಬೊಬ್ಬರಿಗೇ. ಆಮೇಲೆ ಎಲ್ಲ ಮ್ಯಾನೇಜರ್‌ಗಳಿಗೆ, ಅವರ ಪ್ರಶ್ನೆಗಳಿಗೆ ಉತ್ತರ ಸಿಗುವಷ್ಟು ಹೊತ್ತು. ಅದೇ ದಿನ ಅಥವಾ ಮರುದಿನ ಎಲ್ಲರಿಗೂ. ಈ ಮೂರರ ನಡುವೆ ಎರಡು ದಿನಕ್ಕಿಂತ ಹೆಚ್ಚು ಅಂತರ ಬಿಟ್ಟರೆ ಗಾಳಿಸುದ್ದಿ ನಿಮಗಿಂತ ಮುಂದೆ ಓಡಿರುತ್ತದೆ.

ಹೇಳುವಾಗ ಹಂತ 1ರ ವಾಕ್ಯದಿಂದಲೇ ಶುರು ಮಾಡಿ. ಆಮೇಲೆ ಏನು ಬದಲಾಗುತ್ತದೆ, ಏನು ಬದಲಾಗುವುದಿಲ್ಲ, ಇನ್ನೂ ಯಾವುದು ತೀರ್ಮಾನವಾಗಿಲ್ಲ, ಅದು ಯಾವ ದಿನ ತೀರ್ಮಾನವಾಗುತ್ತದೆ. ಜನ ಕೇಳುವುದು ಮೂರೇ ಪ್ರಶ್ನೆ: ನನ್ನ ಕೆಲಸ ಇದೆಯಾ? ನಾನು ಯಾರಿಗೆ ರಿಪೋರ್ಟ್ ಮಾಡಬೇಕು? ಈ ವರ್ಷದ ಅಪ್ರೈಸಲ್ ಯಾರು ಬರೆಯುತ್ತಾರೆ? ಇವಕ್ಕೆ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತಾಡಬೇಡಿ. ಜನರನ್ನು ತೆಗೆಯುವುದಿದ್ದರೆ ತೆಗೆಯುತ್ತೇವೆ ಎಂದೇ ಹೇಳಿ. “ಯಾರಿಗೂ ತೊಂದರೆ ಆಗುವುದಿಲ್ಲ” ಎಂದು ಸುಮ್ನೆ ಸಮಾಧಾನ ಹೇಳಿ, ಎರಡು ತಿಂಗಳಿಗೆ ಇಬ್ಬರನ್ನು ಕಳಿಸಿದರೆ ನಿಮ್ಮ ಮುಂದಿನ ಯಾವ ಮಾತಿಗೂ ಬೆಲೆ ಇರುವುದಿಲ್ಲ.

ಹಂತ 8: ಬದಲಾಗುವ ದಿನದ ಸಣ್ಣ ಕೆಲಸಗಳು

ಸಾಫ್ಟ್‌ವೇರ್‌ನಲ್ಲಿ ಒಪ್ಪಿಗೆ ಕೊಡುವವರ ಹೆಸರು, ಬ್ಯಾಂಕ್ ಸಹಿ, ಮೇಲ್ ಗುಂಪುಗಳು, ಫೈಲುಗಳ ಪರ್ಮಿಷನ್, ರಜೆ ಅರ್ಜಿ ಹೋಗುವ ದಾರಿ, ಬೀಗದ ಕೈ, ವಾರದ ಮೀಟಿಂಗ್‌ಗಳು. ಇವೆಲ್ಲಕ್ಕೂ ಒಬ್ಬರನ್ನು ಹೊಣೆ ಮಾಡಿ, ಒಂದೇ ದಿನ ಬದಲಾಗುವಂತೆ ನೋಡಿಕೊಳ್ಳಿ. ಹಳೆ ಮೀಟಿಂಗ್‌ಗಳನ್ನು ಕ್ಯಾಲೆಂಡರ್‌ನಿಂದ ಅಳಿಸಿ. ಅವು ಉಳಿದರೆ ಹಳೆ ವಿಭಾಗವೂ ಉಳಿದ ಹಾಗೆಯೇ.

ದುಡ್ಡು ಮತ್ತು ಅಪ್ರೈಸಲ್ ಕೂಡ ಹೊಸ ದಾರಿಗೆ ಬರಬೇಕು. ಹೊಸ ಟೀಮಿನಲ್ಲಿ ಕೂತವರ ಬಡ್ತಿಯನ್ನು ಹಳೆ ಮುಖ್ಯಸ್ಥರೇ ಬರೆಯುತ್ತಿದ್ದರೆ ಅವರು ಯಾರ ಮಾತು ಕೇಳುತ್ತಾರೆ, ಹೇಳಿ? ಬಜೆಟ್ ವರ್ಷದ ನಡುವೆ ಬದಲಿಸಲು ಆಗದಿದ್ದರೆ, ಬದಲಾವಣೆಯನ್ನೇ ವರ್ಷದ ಆರಂಭಕ್ಕೆ ಹೊಂದಿಸಿಕೊಳ್ಳುವುದು ಮೇಲು.

ಇನ್ನೊಂದು, ನೀಲಿ ನೋಟ್‌ಬುಕ್. ನಮ್ಮ ಮೊದಲ ಯೋಜನೆಯಲ್ಲಿ ಅಕ್ಕನನ್ನು ಬೇರೆ ಕಟ್ಟಡಕ್ಕೆ ಹಾಕಿದ್ದೆವು. ಅವರ ಹುದ್ದೆ ಸಣ್ಣದು, ಚಾರ್ಟ್‌ನಲ್ಲಿ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಅವರ ಪುಟಗಳನ್ನು ಓದಿದ್ದರಿಂದ ಆ ತಪ್ಪು ಕೊನೆ ಗಳಿಗೆಯಲ್ಲಿ ಕಾಣಿಸಿತು. ಇಂಥವರನ್ನು ಮೊದಲೇ ಕರೆದು ಕೂರಿಸಿಕೊಳ್ಳಿ, ಅವರು ಒಪ್ಪಿದರೆ ಅವರಿಗೆ ಗೊತ್ತಿರುವುದನ್ನು ಎಲ್ಲರಿಗೂ ಸಿಗುವ ಹಾಗೆ ಬರೆದಿಡಿ.

ಹಂತ 9: 30ನೇ ದಿನ, 90ನೇ ದಿನ

ಮೊದಲ ತಿಂಗಳು ಎಲ್ಲ ನಿಧಾನವಾಗುತ್ತದೆ. ಯಾರನ್ನು ಕೇಳಬೇಕೆಂದು ಜನರಿಗೆ ಗೊತ್ತಿರುವುದಿಲ್ಲ. ಅದನ್ನು ನೋಡಿ ಹೆದರಿ ವಾಪಸ್ ಹೋಗಬೇಡಿ. ಆದರೆ 30ನೇ ದಿನ ತೀರ್ಮಾನಗಳ ಪಟ್ಟಿ ಹಿಡಿದು ಕೇಳಿ: ಕಳೆದ ತಿಂಗಳು ಇವನ್ನು ನಿಜವಾಗಿ ಯಾರು ಮಾಡಿದರು? ಹಳೆಯವರೇ ಮಾಡಿದ್ದರೆ ಕಾರಣ ಹುಡುಕಿ. ಬಹುತೇಕ ಸಲ ಕಾರಣ ಮೇಲೇ ಇರುತ್ತದೆ. ಹಿರಿಯ ಅಧಿಕಾರಿಯೊಬ್ಬರು ಅಭ್ಯಾಸದಿಂದ ಹಳಬರಿಗೇ ಫೋನ್ ಮಾಡುತ್ತಿರುತ್ತಾರೆ. ಒಂದು ಫೋನ್ ಸಾಕು, ಹೊಸ ಮುಖ್ಯಸ್ಥರ ಅಧಿಕಾರ ಅಲ್ಲಿಗೇ ಸೋರಿ ಹೋಗುತ್ತದೆ. ಅವರಿಗೆ ಇದನ್ನು ಹೇಳುವವರು ಯಾರು ಎಂದು ಮೊದಲೇ ಗೊತ್ತುಮಾಡಿಕೊಂಡಿರಿ.

90ನೇ ದಿನ ಹಂತ 2ಕ್ಕೆ ಹಿಂತಿರುಗಿ. ಅದೇ ಮೂರು ಕೆಲಸಗಳ ಹಿಂದೆ ಮತ್ತೆ ಹೋಗಿ, ಅದೇ ಲೆಕ್ಕ ಬರೆದುಕೊಳ್ಳಿ. ಗೆರೆ ಎಲ್ಲಿ ತಪ್ಪಿದೆ ಅಲ್ಲಿ ಮಾತ್ರ ತಿದ್ದಿ. ಒಂದು ಹುದ್ದೆಯನ್ನು ಅತ್ತಿತ್ತ ಸರಿಸುವುದು ತಪ್ಪೊಪ್ಪಿಗೆಯಲ್ಲ, ಅದನ್ನು ಎಲ್ಲರೆದುರು ಹೇಳಿಯೇ ಮಾಡಿ. ಇನ್ನೊಂದು ದೊಡ್ಡ ಬದಲಾವಣೆಗೆ ಮಾತ್ರ ಒಂದು ವರ್ಷವಾದರೂ ಬಿಡಿ. ಜನ ಒಂದಕ್ಕೆ ಒಗ್ಗುವ ಮೊದಲೇ ಇನ್ನೊಂದು ಬಂದರೆ, ಮೂರನೆಯದಕ್ಕೆ ಯಾರೂ ಕುರ್ಚಿ ಬಿಟ್ಟು ಏಳುವುದಿಲ್ಲ.

ನಮ್ಮಲ್ಲಿ 90ನೇ ದಿನ ಎಣಿಸಿದಾಗ 19 ದಿನದ ಜಾಗದಲ್ಲಿ 6 ದಿನ ಇತ್ತು. ಅಕ್ಕನ ನೋಟ್‌ಬುಕ್ಕಿನಲ್ಲಿ ಕೊನೆಯ ಬರಹ ಮೂರು ವಾರ ಹಳೆಯದು. ಆ ಆರರಲ್ಲಿ ನಾಲ್ಕು ದಿನ ಪೆಟ್ಟಿಗೆ ದಾರಿಯಲ್ಲಿ ಪ್ರಯಾಣ ಮಾಡುವುದಕ್ಕೇ ಬೇಕಿತ್ತು. ಅದನ್ನು ಯಾವ ಚಾರ್ಟ್ ಕೂಡ ಕಡಿಮೆ ಮಾಡುವುದಿಲ್ಲ. ಸಾಗಣೆಯವರ ಜೊತೆ ಬೇರೆಯಾಗಿ ಮಾತಾಡಿದೆವು, ರಚನೆಯನ್ನು ಅಲ್ಲಿಗೆ ಬಿಟ್ಟೆವು.